ಮಾಂಸದ ಮೀಟ್, ಭೇಟಿಯ ಮೀಟ್

ನನ್ನ ಬಗ್ಗೆ ಒಂದು ಕಥೆ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಓಡಾಡಿಕೊಂಡಿದೆ. ಕಥೆ ಚೆನ್ನಾಗಿಯೇ ಉಂಟು. ಕೇಳಿದವರು ನಗುತ್ತಾರೆ, ನಕ್ಕ ಮೇಲೆ ಕೆಲವರು ಭಾವುಕರಾಗುತ್ತಾರೆ. ಅದರಲ್ಲಿರುವ ದೋಷ ಒಂದೇ. ಅದು ಹಾಗೆ ನಡೆಯಲಿಲ್ಲ.

ಕಳೆದ ತಿಂಗಳು ಬೆಳ್ತಂಗಡಿಯ ಒಂದು ಕಾಲೇಜಿಗೆ ಚರ್ಚಾಸ್ಪರ್ಧೆಯ ತೀರ್ಪುಗಾರಳಾಗಿ ಹೋಗಿದ್ದೆ. ನಿರೂಪಣೆ ಮಾಡುತ್ತಿದ್ದ ಅರ್ಥಶಾಸ್ತ್ರದ ಮೇಷ್ಟ್ರು ನನ್ನನ್ನು ಪರಿಚಯಿಸುತ್ತ ಅದೇ ಕಥೆ ಹೇಳಿದರು. ಜೈನರ ಮನೆಯ ಈ ಹುಡುಗಿಗೆ ಶಾಲೆಯ ಇಂಗ್ಲಿಷ್ ಕ್ಲಾಸಿನಲ್ಲಿ ಮಾಂಸ ಎಂಬ ಅರ್ಥದ ಮೀಟ್ ಶಬ್ದ ಪಾಲಿಗೆ ಬಂತಂತೆ. ಅಜ್ಜಿ ಗಲಾಟೆ ಎಬ್ಬಿಸಿದರಂತೆ. ಟೀಚರ್ ನಗುತ್ತ ಆ ಶಬ್ದವನ್ನು ಪಕ್ಕದ ಬ್ಯಾರಿ, ಅಂದರೆ ನಮ್ಮ ಕಡೆಯ ಮುಸಲ್ಮಾನರ, ಹುಡುಗಿಗೆ ಕೊಟ್ಟು, ಅವಳ ಬಳಿಯಿದ್ದ ಭೇಟಿ ಎಂಬ ಅರ್ಥದ ಮೀಟನ್ನು ಇವರಿಗೆ ಕೊಟ್ಟರಂತೆ. ಅವರವರಿಗೆ ಅವರವರದ್ದು, ಎಲ್ಲರೂ ಖುಷಿ. ನಮ್ಮ ಜಿಲ್ಲೆಯ ಸೌಹಾರ್ದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ ಎಂದು ಅವರು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು.

ತೀರ್ಪು ಕೊಡಲು ಬಂದವರು ವಾದಕ್ಕೆ ನಿಲ್ಲಬಾರದು ಎಂಬುದು ಸ್ಪರ್ಧೆಯ ನಿಯಮ. ಹಾಗಾಗಿ ಅಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಇಲ್ಲಿ ಆ ನಿಯಮ ಇಲ್ಲವಲ್ಲ. ಒಂದು, ಗಲಾಟೆ ಮಾಡಿದ್ದು ಅಜ್ಜಿ ಅಲ್ಲ. ಎರಡು, ಟೀಚರ್ ನಗಲೂ ಇಲ್ಲ, ಕೊಡಲೂ ಇಲ್ಲ. ಇನ್ನು ಎಲ್ಲರೂ ಖುಷಿ ಎಂಬುದಂತೂ ಶುದ್ಧ ಸುಳ್ಳು, ಯಾಕೆಂದರೆ ನಾನು ಖುಷಿಯಾಗಿರಲಿಲ್ಲ. ಇನ್ನೂ ಒಂದು ಆಕ್ಷೇಪ ಉಂಟು. ಅದು ನನಗೇ ಗೊತ್ತಾದದ್ದು ಆ ದಿನ ಸಂಜೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಒಂದು ಅಭ್ಯಾಸ ಹೇಳಿಬಿಡುತ್ತೇನೆ. ಯಾರಾದರೂ ‘ಮೀಟ್’ ಎಂದರೆ ಸಾಕು, ನಾನು ಕುರ್ಚಿಯಿಂದ ಅರ್ಧ ಎದ್ದುಬಿಡುತ್ತೇನೆ. ಈಗ ಮಿಜಾರಿನ ಒಂದು ಕ್ಯಾಂಪಸ್ಸಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ, ಮಕ್ಕಳನ್ನು ಚರ್ಚೆಗೆ ತಯಾರು ಮಾಡುತ್ತೇನೆ. ‘ನಾಳೆ ಮಧ್ಯಾಹ್ನ ಮೀಟ್ ಆಗುವ’ ಎಂದು ವಿಭಾಗದ ಮುಖ್ಯಸ್ಥರು ಹೇಳಿದಾಗೆಲ್ಲ ನಾನು ಎದ್ದು, ಸೀರೆ ಸರಿಮಾಡಿಕೊಂಡವಳಂತೆ ನಟಿಸಿ, ಮತ್ತೆ ಕೂರುತ್ತೇನೆ. ಅವರು ಅದನ್ನು ತಮಗೆ ಕೊಡುವ ಗೌರವ ಎಂದು ತಿಳಿದಿದ್ದಾರೆ. ತಿಳಿಯಲಿ. ನನ್ನ ಕೆಲಸ ಇನ್ನೂ ಖಾಯಂ ಆಗಬೇಕಷ್ಟೆ.

ಈ ಏಳುವ ರೋಗ ಅಂಟಿಸಿದವರು ಗುಲಾಬಿ ಟೀಚರ್. ಬಂಟ್ವಾಳದ ಹತ್ತಿರದ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಏಳನೇ ಕ್ಲಾಸಿಗೆ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ನಮ್ಮೂರಿನವರು ಕನ್ನಡ ಮಾತಾಡುವ ಹಾಗೆಯೇ ಅವರು ಇಂಗ್ಲಿಷನ್ನೂ ಮಾತಾಡುತ್ತಿದ್ದರು. ಒಂದು ಶಬ್ದವನ್ನು ಕೆಳಗೆ ಇಟ್ಟು, ಅದು ಸರಿಯಾಗಿ ಕೂತಿತೇ ಎಂದು ನೋಡಿ, ಆಮೇಲೆ ಮುಂದಿನದ್ದನ್ನು ಎತ್ತಿಕೊಳ್ಳುವುದು. ಮನೆಯಲ್ಲಿ ತುಳು ಮಾತಾಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಮಾತಾಡುವ ನಮಗೆ ಆ ವೇಗ ಹಿತವಾಗಿತ್ತು. ಟಿ.ವಿ.ಯವರ ಇಂಗ್ಲಿಷ್ ಹೋಗುವ ಬಸ್ಸಿನ ಹಾಗೆ, ಹತ್ತುವ ಮೊದಲೇ ಹೊರಟುಬಿಡುತ್ತಿತ್ತು.

ಕೇಳಲು ಒಂದೇ ಥರ ಇದ್ದು ಅರ್ಥ ಬೇರೆಯಾಗಿರುವ ಇಂಗ್ಲಿಷ್ ಶಬ್ದಗಳು ನಮ್ಮ ಮುಖ್ಯ ಶತ್ರುಗಳಾಗಿದ್ದವು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಹಾಗಾಗಿ ಅವಕ್ಕೆ ನಾವು ಮನೆತನದ ಹೆಸರು ಸೇರಿಸುತ್ತಿದ್ದೆವು. ಮಗನ ಸನ್, ಸೂರ್ಯನ ಸನ್. ಪಾತ್ರೆಯ ಸ್ಟೀಲ್, ಕದಿಯುವ ಸ್ಟೀಲ್. ವಾರದ ವೀಕ್, ಬಲ ಇಲ್ಲದ ವೀಕ್. ಇವನ್ನು ಬಾಯಿಪಾಠ ಮಾಡಿಸಿ ಟೀಚರಿಗೆ ಸಾಕಾಗಿರಬೇಕು. ನಾವು ಏಳನೇ ಕ್ಲಾಸಿಗೆ ಬಂದ ವರ್ಷ ಅವರು ಒಂದು ಅವಲಕ್ಕಿ ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿಕೊಂಡು ಬಂದರು. ಒಬ್ಬೊಬ್ಬರಾಗಿ ಬಂದು ಎತ್ತಬೇಕು. ಯಾವ ಶಬ್ದ ಸಿಕ್ಕಿತೋ ಅದನ್ನು ವರ್ಷವಿಡೀ ಸಾಕಬೇಕು. ಸಾಕುವುದು ಎಂಬುದು ಟೀಚರದ್ದೇ ಮಾತು. ದನ ಸಾಕಿದ ಹಾಗೆ ಸಾಕಬೇಕು, ಹಗ್ಗ ಬಿಟ್ಟರೆ ಪಕ್ಕದವರ ತೋಟಕ್ಕೆ ಹೋಗ್ತದೆ ಎಂದು ಹೇಳಿದ್ದರು.

ಜೋಡಿ ಶಬ್ದದವರು ಒಂದೇ ಬೆಂಚಿನಲ್ಲಿ ಕೂರಬೇಕು. ಶನಿವಾರ ಬೆಳಿಗ್ಗೆ ವಿಚಾರಣೆ. ಊರಿನ ಜಗಳವನ್ನು ನಾಲ್ಕು ಜನ ಕೂತು ತೀರ್ಮಾನಿಸುವುದಕ್ಕೆ ತುಳುವಿನಲ್ಲಿ ಪಂಚಾತಿಗೆ ಎನ್ನುತ್ತಾರಲ್ಲ, ನಾವೂ ಆ ಪೀರಿಯಡ್ಡಿಗೆ ಅದೇ ಹೆಸರಿಟ್ಟೆವು. ಟೀಚರ್ ಒಂದು ವಾಕ್ಯ ಹೇಳುವರು. ಅದರಲ್ಲಿ ತಮ್ಮ ಸದ್ದು ಕೇಳಿದ ಕೂಡಲೇ ಇಬ್ಬರೂ ಏಳಬೇಕು. ಇದು ನನ್ನ ಶಬ್ದ ಎಂದು ಒಬ್ಬರು, ಅಲ್ಲ ನನ್ನದು ಎಂದು ಇನ್ನೊಬ್ಬರು ವಾದ ಮಾಡಬೇಕು. ಕ್ಲಾಸು ಕೈ ಎತ್ತಿ ತೀರ್ಪು ಕೊಡುತ್ತದೆ. ಟೀಚರ್ ನಡುವೆ ಬರುವುದಿಲ್ಲ.

ಒಮ್ಮೆ ‘ಆ ಹೆಂಗಸು ದಿನಾ ಸನ್‌ಗಿಂತ ಮೊದಲು ಏಳುತ್ತಾಳೆ’ ಎಂಬ ಅರ್ಥದ ವಾಕ್ಯ ಬಂತು. ಸೂರ್ಯನನ್ನು ಸಾಕುತ್ತಿದ್ದ ಹುಡುಗ ಎದ್ದು, ಎಲ್ಲರ ಮನೆಯಲ್ಲಿಯೂ ಹೆಂಗಸರು ಹೊತ್ತು ಮೂಡುವ ಮೊದಲು ಏಳುತ್ತಾರೆ, ಇದರಲ್ಲಿ ಚರ್ಚೆ ಎಂತ ಎಂದ. ಮಗನನ್ನು ಸಾಕುತ್ತಿದ್ದವನು, ನನ್ನ ಅಮ್ಮ ಏಳುವುದು ನನಗೆ ತಿಂಡಿ ಮಾಡ್ಲಿಕ್ಕೆ, ಸೂರ್ಯನಿಗೆ ಅಲ್ಲ ಎಂದ. ನೀನು ಏಳುವ ಹೊತ್ತಿಗೆ ಊರಿನ ಕೋಣಗಳೂ ಎದ್ದು ಗದ್ದೆಗೆ ಹೋಗಿರ್ತವೆ, ನಿನಗಿಂತ ಮೊದಲು ಏಳುವುದು ಒಂದು ಸುದ್ದಿಯಾ ಎಂದು ಸೂರ್ಯ ಕುಟುಕಿದ. ಟೀಚರ್ ಬೋರ್ಡಿನ ಹತ್ತಿರ ಕೈ ಕಟ್ಟಿ ನಿಂತಿದ್ದವರು ಕೊನೆಗೆ ಒಂದೇ ಮಾತು ಹೇಳಿದರು: “ಶಬ್ದದ ಮುಖ ನೋಡಿದರೆ ಗುರುತು ಸಿಗುವುದಿಲ್ಲ ಮಾರಾಯ. ಅದರ ಆಚೆ ಈಚೆ ಯಾರು ಕೂತಿದ್ದಾರೆ ನೋಡಬೇಕು.” ನಾನು ಆಮೇಲೆ ಭಾಷಾಶಾಸ್ತ್ರ ಓದಿದ್ದೇನೆ. ದಪ್ಪ ಪುಸ್ತಕಗಳು. ಇದನ್ನೇ ಹೇಳುತ್ತವೆ, ಕೊನೆಯಲ್ಲಿ ‘ಮಾರಾಯ’ ಇರುವುದಿಲ್ಲ ಅಷ್ಟೆ.

ಚೀಟಿಯಲ್ಲಿ ನನಗೆ ಸಿಕ್ಕಿದ್ದು ಮಾಂಸದ ಮೀಟ್. ಭೇಟಿಯ ಮೀಟ್ ಸಿಕ್ಕಿದ್ದು ಪಾಣೆಮಂಗಳೂರಿನಿಂದ ಬರುತ್ತಿದ್ದ ಮೈಮೂನಳಿಗೆ. ಅಲ್ಲಿಯವರೆಗೆ ನಾವು ಮಾತಾಡಿದವರಲ್ಲ. ಅವಳ ಅಪ್ಪನಿಗೆ ಪೇಟೆಯಲ್ಲಿ ಬಳೆ, ರಿಬ್ಬನ್ನು ಮಾರುವ ಫ್ಯಾನ್ಸಿ ಅಂಗಡಿ ಇತ್ತು ಎಂಬುದು ಮಾತ್ರ ಗೊತ್ತಿತ್ತು, ಯಾಕೆಂದರೆ ಕ್ಲಾಸಿನ ಹುಡುಗಿಯರ ಕ್ಲಿಪ್ಪುಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಮೈಮೂನಳ ಸ್ವರ ಎರಡನೇ ಬೆಂಚು ದಾಟುತ್ತಿರಲಿಲ್ಲ. ನನ್ನದು ಕಾಂಪೌಂಡು ದಾಟುತ್ತಿತ್ತು. ಹಾಗಾಗಿ ನಮ್ಮ ಜೋಡಿಯಲ್ಲಿ ಗೆಲ್ಲುವವಳು ಯಾವಾಗಲೂ ನಾನೇ. ‘ಅವರು ಮಾರ್ಕೆಟಿನಲ್ಲಿ ಭೇಟಿಯಾಗುತ್ತಾರೆ’ ಎಂಬ ಸ್ಪಷ್ಟವಾಗಿ ಅವಳದೇ ಆದ ವಾಕ್ಯವನ್ನು ಕೂಡ, ಮಾರ್ಕೆಟಿನಲ್ಲಿ ಮಾಂಸ ಸಿಗುವುದಿಲ್ಲವಾ, ಯಾರಾದರೂ ನೋಡಿ ಬಂದು ಹೇಳಿ ಎಂದು ಬೊಬ್ಬೆ ಹೊಡೆದು ನನ್ನ ಕೊಟ್ಟಿಗೆಗೆ ಕಟ್ಟಿಕೊಂಡಿದ್ದೆ. ಮೈಮೂನ ಸುಮ್ಮನೆ ಕೂತಳು. ವಾದದಲ್ಲಿ ಎದುರಾಳಿ ಸುಮ್ಮನೆ ಕೂತರೆ ಅವರು ಸೋತರು ಎಂದೇ ನಾನು ತಿಳಿದಿದ್ದ ಕಾಲ ಅದು.

ಇನ್ನೊಂದು ನಿಯಮ ಇತ್ತು. ಆ ನಿಯಮದಿಂದಲೇ ಎಲ್ಲ ಶುರುವಾದದ್ದು. ವಾರಕ್ಕೊಮ್ಮೆ ನಮ್ಮ ಶಬ್ದವೇ ನಾವಾಗಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಬೇಕು. ನಾನು ಸೂರ್ಯ, ನಾನು ಪೂರ್ವದಲ್ಲಿ ಮೂಡುತ್ತೇನೆ, ಹೀಗೆ. ಕದಿಯುವ ಸ್ಟೀಲ್ ಸಿಕ್ಕಿದ ಉಮೇಶ ಪ್ರತಿ ಶನಿವಾರ ಒಂದೊಂದು ಮನೆಗೆ ಕನ್ನ ಹಾಕುತ್ತಿದ್ದ. ಬಲ ಇಲ್ಲದ ವೀಕ್ ಸಿಕ್ಕಿದ್ದು ಕ್ಲಾಸಿನಲ್ಲೇ ಗಟ್ಟಿಯಾಗಿದ್ದ ಹುಡುಗನಿಗೆ. ಅವನು ಎದೆಯುಬ್ಬಿಸಿ ನಿಂತು ‘ನನಗೆ ಶಕ್ತಿಯೇ ಇಲ್ಲ’ ಎನ್ನುವಾಗ ಟೀಚರ್ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು.

ಅದು ಮಳೆಗಾಲ, ಚಾತುರ್ಮಾಸ. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ನಿಯಮ ಇನ್ನೂ ಬಿಗಿ. ಹೊತ್ತು ಕಂತುವ ಮೊದಲು ಊಟ ಮುಗಿಯಬೇಕು, ಮೋಡ ಮುಚ್ಚಿದ ದಿನ ಹೊತ್ತು ಯಾವಾಗ ಕಂತುತ್ತದೆ ಎಂದು ಗೊತ್ತಾಗದ್ದರಿಂದ ಮತ್ತೂ ಬೇಗ. ಒಂದು ಶುಕ್ರವಾರ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದೇವೆ. ಅಜ್ಜಿ, ಅಪ್ಪ, ಮೂಡುಬಿದಿರೆಯಿಂದ ಬಂದಿದ್ದ ದೊಡ್ಡ ಮಾವ. ಅಮ್ಮ ಬಡಿಸುತ್ತಿದ್ದಾಳೆ. ದೊಡ್ಡ ಮಾವ ಎಂದರೆ ಅಮ್ಮನ ಅಣ್ಣ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನದ ಕಾನೂನು ಹೋದರೂ ನಮ್ಮಲ್ಲಿ ಅಮ್ಮನ ಅಣ್ಣನ ಮಾತು ಇನ್ನೂ ಹೋಗಿಲ್ಲ. ಹುಡುಗಿ ಎಲ್ಲಿ ಓದಬೇಕು, ಎಲ್ಲಿಗೆ ಕೊಡಬೇಕು ಎಂಬಲ್ಲಿ ಅವರ ಮಾತೇ ಕೊನೆ. ನನ್ನ ಅಪ್ಪ ಅದಕ್ಕೆ ಎದುರು ಹೇಳುವವರಲ್ಲ, ತಮ್ಮ ತಂಗಿಯ ಮಕ್ಕಳ ವಿಷಯದಲ್ಲಿ ಅವರೂ ಹಾಗೇ ಮಾಡುತ್ತಿದ್ದರು.

ಮಾವ ಅಕ್ಕರೆಯಿಂದ, ಇಂಗ್ಲಿಷ್ ಕಲೀತಿಯಂತಲ್ಲ, ಎಂತಾದರೂ ಹೇಳು ನೋಡುವ ಎಂದರು. ನಾನು ಮರುದಿನದ ಪಂಚಾತಿಗೆಗೆ ತಯಾರು ಮಾಡಿದ್ದನ್ನು ಎದ್ದು ನಿಂತು ಒಪ್ಪಿಸಿದೆ. ನಾನು ಮಾಂಸ. ನಾನು ಆಡಿನಿಂದ ಬರುತ್ತೇನೆ. ಜನರು ನನ್ನನ್ನು ಭಾನುವಾರ ತಿನ್ನುತ್ತಾರೆ. ನಾನು ತುಂಬಾ ರುಚಿ.

ಆ ಮನೆಯಲ್ಲಿ ಇಂಗ್ಲಿಷ್ ಅರ್ಥವಾಗುತ್ತಿದ್ದವರು ಮಾವ ಒಬ್ಬರೇ. ಅವರ ಕೈ ಬಟ್ಟಲಿನಲ್ಲೇ ನಿಂತಿತು. ಮಗು ಎಂತ ಹೇಳಿದ್ದು, ಸ್ತೋತ್ರವಾ ಎಂದು ಅಜ್ಜಿ ಕೇಳಿದರು. ಮಾವ ಎಲ್ಲ ವಾಕ್ಯಗಳನ್ನೂ ಒಂದೂ ಬಿಡದೆ ಅನುವಾದ ಮಾಡಿದರು. ಗಲಾಟೆ ಮಾಡಿದವರು ಎಂದು ಈಗ ಎಲ್ಲರೂ ಹೇಳುವ ನನ್ನ ಅಜ್ಜಿ ಆಗ ಹೇಳಿದ್ದು ಇಷ್ಟು: ಪಾಠದ್ದಲ್ಲವಾ, ಹೇಳಲಿ ಬಿಡು. ಆದರೆ ಮಾವ ಏಳುವಾಗಲೇ ನಿಶ್ಚಯ ಮಾಡಿದ್ದರು. ನಾಳೆ ಶಾಲೆಗೆ ಹೋಗುವುದು, ಶಬ್ದ ಬದಲಿಸಲು ಹೇಳುವುದು. ಬದಲಿಸದಿದ್ದರೆ ಟಿ.ಸಿ. ತೆಗೆದುಕೊಂಡು ನನ್ನನ್ನು ಮೂಡುಬಿದಿರೆಯ ಅವರ ಮನೆಗೆ ಕರೆದುಕೊಂಡು ಹೋಗಿ ಅಲ್ಲಿಯ ಶಾಲೆಗೆ ಸೇರಿಸುವುದು.

ಮಾವ ಕೆಟ್ಟವರಲ್ಲ. ಅವರ ಪಾತ್ರೆ ಅಂಗಡಿಗೆ ಬಂದವರು ಸೌಟು ಕೊಳ್ಳದಿದ್ದರೂ ಮಜ್ಜಿಗೆ ಕುಡಿದು ಹೋಗಬೇಕು. ಆದರೆ ಅವರ ಮನೆಯಲ್ಲಿ ಮಕ್ಕಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ಅವರು ಹೇಳಿದ ಶಾಲೆಯೂ ಹಾಗೆಯೇ ಎಂದು ಅಲ್ಲಿ ಓದಿದ್ದ ನನ್ನ ಅಕ್ಕನ ಮೂಲಕ ಗೊತ್ತಿತ್ತು. ಅಲ್ಲಿಗೆ ಹೋದರೆ ಶನಿವಾರದ ಪಂಚಾತಿಗೆ ಇರುವುದಿಲ್ಲ. ಬಾಯಿ ಇರುವುದಕ್ಕೆ ನನ್ನನ್ನು ಯಾರೂ ಬೈಯದ ಜಾಗ ಅದೊಂದೇ ಆಗಿತ್ತು.

ಮರುದಿನ ಮಾವ ಬಿಳಿ ಶರ್ಟು ತೊಟ್ಟು, ಕೊಡೆ ಮಡಚಿ ಬಾಗಿಲಿಗೆ ಒರಗಿಸಿ, ಕ್ಲಾಸಿನೊಳಗೆ ಬಂದರು. ಅವರು ಗಲಾಟೆ ಮಾಡುವ ಕ್ರಮ ಬಹಳ ಸಭ್ಯ. ಜಗಳಕ್ಕೆ ಬಂದದ್ದಲ್ಲ ಟೀಚರೇ, ಒಂದು ಶಬ್ದ ಬದಲಿ ಮಾಡಿಕೊಡಿ, ಇಲ್ಲದಿದ್ದರೆ ಟಿ.ಸಿ. ಕೊಡಿ, ಎರಡರಲ್ಲಿ ಯಾವುದಾದರೂ ನಮಗೆ ಸಂತೋಷವೇ ಎಂದರು. ಟೀಚರ್ ಕೂಡ ಅಷ್ಟೇ ಸಭ್ಯವಾಗಿ, ಟಿ.ಸಿ. ಕೊಡ್ಲಿಕ್ಕೆ ಹೆಡ್ಮಾಸ್ಟ್ರು ಇದ್ದಾರೆ, ಶಬ್ದ ಬದಲಿಸಲಿಕ್ಕೆ ನನಗೆ ಅಧಿಕಾರ ಇಲ್ಲ ಎಂದರು. ಇವತ್ತು ಇವಳದ್ದು ಬದಲಿಸಿದರೆ ನಾಳೆ ಕದಿಯುವ ಸ್ಟೀಲಿನ ಅಪ್ಪ ಬರ್ತಾರೆ, ನಾಡಿದ್ದು ಬಲ ಇಲ್ಲದವನ ತಾಯಿ. ಚೀಟಿಯಲ್ಲಿ ಬಂದದ್ದನ್ನು ಬದಲಿಸುವುದಿದ್ದರೆ ಈ ಮಕ್ಕಳ ಪಂಚಾತಿಗೆ ಬದಲಿಸಬೇಕು.

ಮಾವ, ಆಗಲಿ, ಕರೆಯಿರಿ ಎಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಅಂಗಡಿ ವ್ಯಾಪಾರದಲ್ಲಿ ಅವರು ಎಷ್ಟೋ ಪಂಚಾತಿಗೆ ಕಂಡವರು.

ಈ ಶಬ್ದ ಪದ್ಮಜಳ ಹತ್ತಿರವೇ, ಅಂದರೆ ನನ್ನ ಹತ್ತಿರವೇ, ಇರಬೇಕೋ, ಬೇರೆಯವರಿಗೆ ಹೋಗಬೇಕೋ, ಯಾರಿಗಾದರೂ ಹೇಳಲಿಕ್ಕೆ ಉಂಟಾ ಎಂದು ಟೀಚರ್ ಕೇಳಿದರು. ಎಲ್ಲರೂ ಬೆಂಚು ನೋಡುತ್ತಿದ್ದರು. ವಿಷಯ ಏನು ಎಂದು ಆ ವಯಸ್ಸಿನಲ್ಲಿಯೂ ಎಲ್ಲರಿಗೂ ಗೊತ್ತಿತ್ತು, ಅದನ್ನು ಬಾಯಲ್ಲಿ ಹೇಳಬಾರದು ಎಂಬುದೂ ಗೊತ್ತಿತ್ತು. ನಮ್ಮೂರಿನ ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಜೈನರ ಹುಡುಗಿ ಎಂದು ಶುರು ಮಾಡಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ.

ಆಗ ನನ್ನ ಪಕ್ಕದಲ್ಲಿ ಬೆಂಚು ಅಲುಗಿತು. ಮೈಮೂನ ಎದ್ದಿದ್ದಳು.

“ಟೀಚರ್, ಪದ್ಮಜಳಿಗೆ ಆ ಶಬ್ದ ಸಾಕಲಿಕ್ಕೆ ಬರುವುದಿಲ್ಲ.”

ನಾನು ಬೆಚ್ಚಿದೆ. ಅಲ್ಲಿಯವರೆಗೆ ಒಮ್ಮೆಯೂ ಎದುರು ಮಾತಾಡದವಳು.

“ಅವಳು ಹೇಳುವುದು ಎಲ್ಲ ತಪ್ಪು ಟೀಚರ್. ಹೋದ ಶನಿವಾರ ಮಾಂಸಕ್ಕೆ ಸಿಪ್ಪೆ ಉಂಟು, ಮೇಣ ಉಂಟು, ಕೈಗೆ ಎಣ್ಣೆ ಹಚ್ಚಿಕೊಂಡು ಕೊಯ್ಯಬೇಕು ಅಂತ ಹೇಳಿದ್ದಾಳೆ. ಅದು ಹಲಸಿನಕಾಯಿ. ಭಾನುವಾರ ಅಂತ ಬರೆದಿದ್ದಾಳೆ, ನಮ್ಮ ಮನೆಯಲ್ಲಿ ಮಾಡುವುದು ಶುಕ್ರವಾರ. ನನಗೆ ಕೊಡಿ, ನಾನು ಸರಿಯಾಗಿ ಸಾಕ್ತೇನೆ. ನನ್ನದನ್ನು ಅವಳಿಗೆ ಕೊಡಿ.”

ನೀವಾಗಿದ್ದರೆ ಇಷ್ಟಕ್ಕೆ ಸುಮ್ಮನೆ ಕೂರುತ್ತಿದ್ದಿರಿ. ಟಿ.ಸಿ. ತಪ್ಪಿತು, ಶಾಲೆ ಉಳಿಯಿತು, ದೇವರು ದೊಡ್ಡವನು ಎಂದು. ನಾನು ಕೂರಲಿಲ್ಲ. ಮಾವನೂ ಮೂಡುಬಿದಿರೆಯೂ ಮರೆತೇ ಹೋದವು. ಎದುರಾಳಿ ಎದ್ದಿದ್ದಾಳೆ, ನನ್ನ ಶಬ್ದ ಕೇಳುತ್ತಿದ್ದಾಳೆ, ಅಷ್ಟೇ ಕಂಡದ್ದು. ಎದ್ದು ನಿಂತು ವಾದಿಸಿದೆ. ಉಮೇಶ ಕಳ್ಳನಾ? ಕದಿಯದೆ ಕದಿಯುವ ಶಬ್ದವನ್ನು ಅವನು ಸಾಕುತ್ತಿಲ್ಲವಾ? ಸೂರ್ಯನನ್ನು ಸಾಕುವವನು ಮುಟ್ಟಿ ನೋಡಿದ್ದಾನಾ? ಒಂದನ್ನು ತಿಳಿಯಬೇಕಾದರೆ ಅದನ್ನು ತಿನ್ನಲೇಬೇಕು ಎಂಬ ಕಾನೂನು ಎಲ್ಲಿ ಉಂಟು? ಇವತ್ತಿಗೂ ಹೇಳುತ್ತೇನೆ, ಒಳ್ಳೆಯ ವಾದ. ಈಗಿನ ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಮಾತಾಡಿದರೆ ಅಂಕ ಕೊಡುತ್ತೇನೆ. ಗೋಡೆಯ ಪಕ್ಕದಲ್ಲಿ ಮಾವ ಕಣ್ಣು ಮುಚ್ಚಿಕೊಂಡರು.

ಮೈಮೂನ ನನ್ನ ಕಡೆ ತಿರುಗಿದಳು.

“ಹಾಗಾದರೆ ಹೇಳು, ಅದು ಬೇಯಲಿಕ್ಕೆ ಕುಕ್ಕರಿನಲ್ಲಿ ಎಷ್ಟು ಸೀಟಿ ಬೇಕು?”

ನಾನು ಧೈರ್ಯವಾಗಿ, “ಮೂರು” ಎಂದೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೂರು ಸೀಟಿಗೆ ತೊಗರಿಬೇಳೆ ಬೇಯ್ತದೆ ಮಾರಾಯ್ತಿ ಎಂದು ಉಮೇಶ ಹಿಂದಿನಿಂದ ಕೂಗಿದ. ಮೈಮೂನ ಮಾತ್ರ ನಗಲಿಲ್ಲ. ಮೈಮೂನಳ ಪರವಾಗಿ ಇರುವವರು ಎಂದು ಟೀಚರ್ ಕೇಳಿದಾಗ ಎಲ್ಲ ಕೈಗಳೂ ಎದ್ದವು. ಗೋಡೆಯ ಪಕ್ಕದಲ್ಲೂ ಒಂದು ಕೈ ಎದ್ದಿತ್ತು, ಬಿಳಿ ಶರ್ಟಿನದು. ಮತದಾನದ ಹಕ್ಕು ಇಲ್ಲದವರ ಕೈಯನ್ನು ಎಣಿಸಬಾರದು ಎಂದು ನಾನು ಆಕ್ಷೇಪ ಎತ್ತಿದೆ. ಟೀಚರ್ ಅದನ್ನು ಕೇಳಿಸಿಕೊಳ್ಳಲಿಲ್ಲ.

ಹೀಗೆ ಆ ವರ್ಷ ಪಂಚಾತಿಗೆಯಲ್ಲಿ ನಾನು ಸೋತದ್ದು ಒಮ್ಮೆ, ಸೋತದ್ದರಿಂದಲೇ ಉಳಿದೆ. ಮಾವ ಹೋಗುವಾಗ ಟೀಚರಿಗೆ ಕೈ ಮುಗಿದು, ನಿಮ್ಮ ಕೋರ್ಟು ನಮ್ಮ ಕೋರ್ಟಿಗಿಂತ ಬೇಗ ಉಂಟು ಎಂದರಂತೆ. ಆಮೇಲೆ ಮದುವೆ ಮನೆಗಳಲ್ಲಿ ಈ ಕಥೆ ಹೇಳಲು ಶುರು ಮಾಡಿದವರೂ ಅವರೇ. ಹೇಳುತ್ತ ಹೇಳುತ್ತ ಅವರು ಕಥೆಯಿಂದ ಮೆಲ್ಲನೆ ಹೊರಗೆ ಹೋದರು. ಅವರ ಜಾಗದಲ್ಲಿ ಅಜ್ಜಿ ಬಂದು ಕೂತರು. ಅಜ್ಜಿ ಆಗಲೇ ತೀರಿಹೋಗಿದ್ದರು, ಪ್ರತಿವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ. ವಾದ ಕೂಡ ಹೋಯಿತು, ಟೀಚರ್ ನಗುತ್ತ ಕೊಟ್ಟರು ಎಂದಾಯಿತು. ಚಿಕ್ಕದಾದಷ್ಟೂ ಕಥೆ ಚೆನ್ನಾಗಿ ಓಡುತ್ತದೆ.

ನಾನು ಮೈಮೂನಳ ಹತ್ತಿರ ಕೆಲವು ದಿನ ಮಾತು ಬಿಟ್ಟೆ. ಬೆಂಚಿನ ನಡುವೆ ಚೀಲ ಇಟ್ಟು ಗಡಿ ಮಾಡಿದೆ. ಆದರೆ ಹೊಸ ಶಬ್ದ ಭೇಟಿಯದ್ದು. ಅದಾಗಿ ನಾಲ್ಕು ಮಾತು ಹೇಳಬೇಕಾದರೆ ಒಬ್ಬಳಿಂದ ಆಗುವ ಕೆಲಸವೇ ಅಲ್ಲ. ನಾನು ಭೇಟಿ, ನನಗೆ ಇಬ್ಬರು ಬೇಕು ಎಂದು ಬರೆದು, ಮುಂದೆ ಏನೂ ಹೊಳೆಯದೆ, ಚೀಲ ಸರಿಸಿ ಅವಳನ್ನೇ ಕೇಳಿದೆ. ಅವಳು 'ಬಸ್‌ಸ್ಟ್ಯಾಂಡ್' ಎಂದಳು. ಬಸ್‌ಸ್ಟ್ಯಾಂಡಿನಿಂದ ಶುರುವಾದ ಮಾತು ಹತ್ತನೇ ಕ್ಲಾಸು ಮುಗಿಯುವವರೆಗೆ ನಿಲ್ಲಲಿಲ್ಲ.

ಅವಳು ತನ್ನ ಶಬ್ದವನ್ನು ಹೇಳಿದ ಹಾಗೆಯೇ ಸಾಕಿದಳು. ಪ್ರತಿ ಶನಿವಾರ ಹೊಸ ಹೊಸ ವಿವರ. ಮೊದಲು ಅರಿಶಿನ ಹಾಕಿ ತೊಳೆಯುವುದು, ತೆಂಗಿನಕಾಯಿ ಹುರಿಯುವುದು, ಪರಿಮಳ ಬದಲಾಗುವ ಹೊತ್ತು. ಆಟದ ಮೈದಾನದಲ್ಲಿ ಹುಡುಗರು ನನ್ನನ್ನು ಕರೆಯುತ್ತಿದ್ದ ‘ಏ ಮಾಂಸ’ ಎಂಬ ಹೆಸರು ಶಬ್ದದ ಜೊತೆಗೇ ಅವಳಿಗೆ ಹೋಯಿತು. ನಾನಾಗಿದ್ದರೆ ತಿರುಗಿ ಹೊಡೆಯುತ್ತಿದ್ದೆ. ಅವಳು ತಿರುಗುತ್ತಲೇ ಇರಲಿಲ್ಲ.

ಅಲ್ಲಿಂದ ಮುಂದಿನದ್ದು ನಿಮಗೆ ಬೇಕಾದ ಹಾಗೆ ಊಹಿಸಬಹುದು. ಹೈಸ್ಕೂಲಿನ ಚರ್ಚೆಗಳು, ಮೂಡುಬಿದಿರೆಯ ಕಾಲೇಜು, ಈಗ ಈ ಕೆಲಸ. ಗುಲಾಬಿ ಟೀಚರ್ ನಿವೃತ್ತರಾಗಿ ವಿಟ್ಲದಲ್ಲಿದ್ದಾರೆ. ವರ್ಷಕ್ಕೊಮ್ಮೆ ಹೋಗುತ್ತೇನೆ, ಕಾಲಿಗೆ ನಮಸ್ಕಾರ ಮಾಡಿದರೆ ನಾಚಿಕೊಳ್ಳುತ್ತಾರೆ. ಯಾವುದನ್ನೂ ಒಪ್ಪುವ ಮೊದಲು ನಾಲ್ಕು ಪ್ರಶ್ನೆ ಕೇಳುವವಳು ಎಂದು ನನಗೆ ಹೆಸರಿದೆ, ಆ ಹೆಸರು ನನಗೆ ಹೆಮ್ಮೆಯದ್ದೇ. ದೇವರ ವಿಷಯದಲ್ಲಿ ಕೂಡ ಅಮ್ಮನಿಗೆ ಬೇಸರವಾಗುವಷ್ಟು ಕೇಳಿದ್ದೇನೆ.

ಇನ್ನು ಉಳಿದದ್ದು ಆ ಸಂಜೆ. ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬರುವಾಗ ಆ ಮೇಷ್ಟ್ರ ‘ಅವರವರಿಗೆ ಅವರವರದ್ದು’ ಎಂಬ ಮಾತು ಬಟ್ಟೆಗೆ ಅಂಟಿದ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮನೆಗೆ ಹೋಗದೆ ಪಾಣೆಮಂಗಳೂರಿಗೆ ಹೋದೆ. ಮೈಮೂನ ಮದುವೆಯಾಗಿ ಭಟ್ಕಳದಲ್ಲಿದ್ದಾಳೆ, ಅಲ್ಲಿ ಗಣಿತದ ಟೀಚರ್. ಪಾಣೆಮಂಗಳೂರಿನಲ್ಲಿ ಅವಳ ತಾಯಿ ಇದ್ದಾರೆ. ಅವಳು ಉಮ್ಮ ಎಂದು ಕರೆಯುವುದರಿಂದ ನಾನೂ ಉಮ್ಮ ಎನ್ನುತ್ತೇನೆ. ಅವರು ನನ್ನನ್ನು ಮೋಳೆ ಎನ್ನುತ್ತಾರೆ, ಬ್ಯಾರಿಯಲ್ಲಿ ಮಗಳೇ ಎಂದು. ಹೊತ್ತು ಕಂತುವ ಮೊದಲು ತಿನ್ನು ಎಂದು ಬಾಳೆಹಣ್ಣಿನ ಪೋಡಿ ಕರಿದು ಎದುರಿಗಿಟ್ಟರು. ಚಾತುರ್ಮಾಸ ಅಲ್ಲ ಈಗ, ನಾನು ಅಷ್ಟು ಪಾಲಿಸುವವಳೂ ಅಲ್ಲ ಎಂದರೆ, ನೀನು ಪಾಲಿಸದಿದ್ದರೆ ನಾನು ಪಾಲಿಸ್ತೇನೆ, ತಿನ್ನು ಎಂದರು.

ತಿನ್ನುತ್ತ ಸಭೆಯಲ್ಲಿ ಕೇಳಿದ ಕಥೆ ಹೇಳಿದೆ. ಉಮ್ಮನಿಗೆ ಅದು ಹೊಸದು. ಮೈಮೂನ ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಕೇಳಿ ಮುಗಿಸಿ ಅವರು ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನೇ ನೋಡಿದರು.

“ಎಂತ ಮೋಳೆ, ಅವಳು ಮಾಂಸ ಮುಟ್ಟುವವಳಾ? ಸಣ್ಣದಿರುವಾಗ ಒಮ್ಮೆ ವಾಂತಿ ಆದದ್ದು, ಆಮೇಲೆ ಇಲ್ಲ. ಪೆರ್ನಾಲ್ ಹಬ್ಬದ ದಿನವೂ ಅವಳಿಗೆ ಬೇರೆ ತರಕಾರಿ ಸಾರು ಮಾಡಬೇಕು.”

ಆಮೇಲೆ ಅವರಿಗೇ ನೆನಪಾಯಿತು. ಏಳನೆಯದರಲ್ಲಿ ಇರುವಾಗ ಅವಳಿಗೆ ಎಂತದೋ ಹುಚ್ಚು ಹಿಡಿದಿತ್ತಂತೆ. ಶುಕ್ರವಾರ ಬಂತೆಂದರೆ ಅಡುಗೆ ಕೋಣೆಯ ಬಾಗಿಲಲ್ಲಿ, ಒಳಗೆ ಬಾರದೆ, ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದಳಂತೆ. ಉಮ್ಮ, ಈಗ ಎಂತ ಹಾಕಿದ್ದು, ಎಷ್ಟು ಹೊತ್ತಾಯಿತು, ಬೆಂದದ್ದು ಹೇಗೆ ಗೊತ್ತಾಗ್ತದೆ. ತಿನ್ನದವಳಿಗೆ ಇದೆಲ್ಲ ಯಾಕೆ ಎಂದು ಕೇಳಿದರೆ ಶಾಲೆಗೆ ಬೇಕು ಎನ್ನುತ್ತಿದ್ದಳಂತೆ. ಅಡುಗೆಯ ಪಾಠ ಶುರುವಾಗಿರಬೇಕು ಎಂದು ಉಮ್ಮ ತಿಳಿದಿದ್ದರಂತೆ.

ಪೋಡಿ ಕೈಯಲ್ಲಿಯೇ ತಣ್ಣಗಾಯಿತು. ಅವಳು ಆ ದಿನ ಹೇಳಿದ ಮಾತುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ತೆಗೆದು ನೋಡಿದೆ. ಎದುರಾಳಿಯ ಭಾಷಣವನ್ನು ಹಾಗೆ ನೋಡುವುದು ನನ್ನ ಕಸುಬು. ಪದ್ಮಜಳಿಗೆ ಸಾಕಲಿಕ್ಕೆ ಬರುವುದಿಲ್ಲ ಎಂದಳು, ನಿಜ. ಹೇಳಿದ್ದು ಹಲಸಿನಕಾಯಿ ಎಂದಳು, ನಿಜ. ನಮ್ಮ ಮನೆಯಲ್ಲಿ ಮಾಡುವುದು ಶುಕ್ರವಾರ ಎಂದಳು, ತಾನು ತಿನ್ನುತ್ತೇನೆ ಎನ್ನಲಿಲ್ಲ. ಸರಿಯಾಗಿ ಸಾಕುತ್ತೇನೆ ಎಂದಳು, ಸಾಕಿದಳು. ಎಷ್ಟು ಸೀಟಿ ಎಂದು ನನ್ನನ್ನು ಕೇಳಿದಳೇ ಹೊರತು ಎಷ್ಟು ಎಂದು ತಾನು ಹೇಳಲಿಲ್ಲ. ಒಂದೇ ಒಂದು ಸುಳ್ಳು ಇಲ್ಲ. ಉಳಿದದ್ದನ್ನು ನಾವೇ ತುಂಬಿಸಿಕೊಂಡೆವು, ಅವಳ ತಲೆಯ ಮೇಲಿನ ಶಾಲು ನೋಡಿ. ಉಮೇಶ ತುಂಬಿಸಿದ, ಮಾವ ತುಂಬಿಸಿದರು, ಬೆಳ್ತಂಗಡಿಯ ಮೇಷ್ಟ್ರು ಇಂದಿಗೂ ತುಂಬಿಸುತ್ತಿದ್ದಾರೆ. ದೇವರನ್ನೂ ಬಿಡದೆ ಪ್ರಶ್ನೆ ಕೇಳುವ ನಾನು, ಅವಳ ಪಕ್ಕದಲ್ಲಿ ಅದೇ ಬೆಂಚಿನಲ್ಲಿ, ಅದೇ ಬಿಸಿಯೂಟದ ಅನ್ನ ಸಾರು ತಿಂದುಕೊಂಡು, ಹತ್ತನೇ ಕ್ಲಾಸಿನವರೆಗೂ ಕೂತಿದ್ದೆ.

ಅವಳಿಗೆ ಫೋನ್ ಮಾಡಬೇಕೆಂದುಕೊಂಡೆ, ಮಾಡಲಿಲ್ಲ. ಧನ್ಯವಾದ ಎಂದು ಹೇಳಿದರೆ ಅವಳು ಕ್ಲಾಸು ಉಂಟು, ಆಮೇಲೆ ಮಾತಾಡುವ ಎನ್ನುತ್ತಾಳೆ, ನನಗೆ ಗೊತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉಮ್ಮ ಓದಿ ಅವಳಿಗೆ ಹೇಳುತ್ತಾರೆ.

ಮೈಮೂನ, ನನ್ನ ಶಾಲೆ, ನನ್ನ ಶನಿವಾರಗಳು, ಈ ಬಾಯಿ, ಎಲ್ಲವೂ ಆ ದಿನ ನೀನು ಉಳಿಸಿಕೊಟ್ಟದ್ದು. ನಿನ್ನ ವಾದ ಬೀಳಲಿಕ್ಕೆ ನನ್ನ ಒಂದೇ ಪ್ರಶ್ನೆ ಸಾಕಿತ್ತು, ಅದು ಬಿದ್ದಿದ್ದರೆ ನಾನು ಮರುದಿನ ಮೂಡುಬಿದಿರೆಯಲ್ಲಿ. ಅಷ್ಟು ದೊಡ್ಡ ತೂತು ಇಟ್ಟುಕೊಂಡು, ಕ್ಲಾಸಿನಲ್ಲೇ ಹೆಚ್ಚು ಪ್ರಶ್ನೆ ಕೇಳುವವಳ ಎದುರು ನೀನು ಎದ್ದು ನಿಂತೆ. ನಾನು ತಿರುಗಿ ‘ನೀನು ತಿನ್ನುತ್ತೀಯಾ?’ ಎಂದು ಕೇಳಿಬಿಟ್ಟಿದ್ದರೆ ಎಂತ ಹೇಳ್ತಿದ್ದೆ ಮಾರಾಯ್ತಿ?